ಡಿಶ್ ಉಪಗ್ರಹವನ್ನು ಕೈಬಿಡುತ್ತಿದ್ದರೆ: ದೃಷ್ಟಿರೇಖೆಯ ಕೋನವೇಗದ ಅಂದಾಜಿನಲ್ಲಿ ದೋಷ ಹುಡುಕುವ ಬಗೆ

ಪಾಸ್, ಅಂದರೆ ಉಪಗ್ರಹ ನಮ್ಮ ಆಕಾಶ ದಾಟುವ ಹೊತ್ತು, ಚೆನ್ನಾಗಿಯೇ ಶುರುವಾಗುತ್ತದೆ. ಡಿಶ್ ಉಪಗ್ರಹವನ್ನು ಹಿಡಿಯುತ್ತದೆ, ರಿಸೀವರ್ ಲಾಕ್ ಆಗುತ್ತದೆ. ಉಪಗ್ರಹ ಮೇಲೇರಿದಂತೆ ಸಿಗ್ನಲ್ ತೂಗಾಡತೊಡಗಿ, ನೆತ್ತಿಯ ಹತ್ತಿರ ಪೂರ್ತಿ ಕೈತಪ್ಪುತ್ತದೆ. ಲಾಗ್ ತೆರೆದು ನೋಡಿದರೆ ಕೋನವೇಗದ ಗೆರೆ ಮುಳ್ಳುಮುಳ್ಳಾಗಿರುತ್ತದೆ, ಇಲ್ಲವೇ ನುಣುಪಾಗಿದ್ದೂ ತಪ್ಪಾಗಿರುತ್ತದೆ. ಆಗ ಎಲ್ಲರ ಕೈಯೂ ಮೊದಲು ಫಿಲ್ಟರಿನ (ಅಳತೆಗಳಿಂದ ಕೋನವೇಗ ಅಂದಾಜಿಸುವ ಲೆಕ್ಕದ) ಗೇನ್ (ಹೊಸ ಅಳತೆಗೆ ಕೊಡುವ ತೂಕ) ಕಡೆಗೇ ಹೋಗುತ್ತದೆ. ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ಫಿಲ್ಟರಿನ ತಲೆಗೆ ಕಟ್ಟುವ ದೋಷಗಳಲ್ಲಿ ಬಹುಪಾಲು ಫಿಲ್ಟರಿಗೆ ಬರುವ ಅಳತೆಯಲ್ಲೇ ಇರುತ್ತವೆ: ಸ್ಕೇಲ್ ತಪ್ಪು, ಸಮಯ ತಪ್ಪು, ಕೋನದ ಜ್ಯಾಮಿತಿ ತಪ್ಪು. ಅಳತೆ ಕೆಟ್ಟಿರುವಾಗ ಗೇನ್ ತಿರುಗಿಸಿದರೆ ಲಕ್ಷಣ ರೂಪ ಬದಲಿಸುತ್ತದೆಯೇ ಹೊರತು ಹೋಗುವುದಿಲ್ಲ.

ಯಾವ ವ್ಯವಸ್ಥೆ, ಎಷ್ಟು ವೇಗ

ಇಲ್ಲಿನ ಅಂಕಿಗಳೆಲ್ಲ ಒಂದು ಮಾದರಿ ವ್ಯವಸ್ಥೆಗೆ ಲೆಕ್ಕ ಹಾಕಿದವು. 3 ಮೀಟರ್ ಡಿಶ್, ಎಕ್ಸ್ ಬ್ಯಾಂಡ್ 8.2 ಗಿಗಾಹರ್ಟ್ಜ್, ಅಜಿಮತ್-ಎಲಿವೇಷನ್ ಮೌಂಟ್ (ಅಜಿಮತ್ ಎಂದರೆ ಉತ್ತರದಿಂದ ಅಳೆದ ದಿಕ್ಕು, ಎಲಿವೇಷನ್ ಎಂದರೆ ದಿಗಂತದಿಂದ ಮೇಲಿನ ಕೋನ), ಮಾನೋಪಲ್ಸ್ ಫೀಡ್ (ಗುರಿ ಎತ್ತ ಸರಿದಿದೆ ಎಂದೂ ಹೇಳುವ ಸಿಗ್ನಲ್ ಗ್ರಾಹಕ), ಸೆಕೆಂಡಿಗೆ 20 ಅಳತೆ. ಅಂದರೆ ಅಳತೆಗಳ ನಡುವೆ 0.05 ಸೆಕೆಂಡ್. ಬೀಮಿನ ಅರ್ಧಶಕ್ತಿ ಅಗಲ ಸುಮಾರು 0.85 ಡಿಗ್ರಿ. ಗುರಿ ಅದರ ಹತ್ತನೇ ಒಂದು ಪಾಲು, ಅಂದರೆ 0.085 ಡಿಗ್ರಿ ತಪ್ಪಿದರೆ ನಷ್ಟ 0.12 ಡೆಸಿಬೆಲ್ ಮಾತ್ರ; ಇದೇ ನಮ್ಮ ಮಿತಿ. ಅರ್ಧ ಬೀಮಿನಷ್ಟು ತಪ್ಪಿದರೆ 3 ಡೆಸಿಬೆಲ್.

ದೃಷ್ಟಿರೇಖೆ ಎಂದರೆ ಆಂಟೆನಾದಿಂದ ಉಪಗ್ರಹಕ್ಕೆ ಎಳೆದ ಗೆರೆ. ಅದನ್ನು ನೇರವಾಗಿ ಅಳೆಯುವ ಸಾಧನ ಇಲ್ಲ. ಎನ್‌ಕೋಡರ್ ಹೇಳುವುದು ಡಿಶ್ ಎತ್ತ ನೋಡುತ್ತಿದೆ ಎಂದು. ಫೀಡ್ ಹೇಳುವುದು ಉಪಗ್ರಹ ಬೀಮಿನ ನಡುವಿನಿಂದ ಎಷ್ಟು ಸರಿದಿದೆ ಎಂದು. ಎರಡನ್ನೂ ಕೂಡಿಸಿದರೆ ದೃಷ್ಟಿರೇಖೆಯ ಕೋನ. ಅದರ ಬದಲಾವಣೆಯ ದರವೇ ನಮಗೆ ಬೇಕಾದ ಕೋನವೇಗ. ಅದನ್ನು ಡಿಶ್ ತಿರುಗಿಸುವ ಸರ್ವೋಗೆ ಮುಂಗಡವಾಗಿ ಕೊಟ್ಟರೆ ಡಿಶ್ ಉಪಗ್ರಹದ ಹಿಂದೆ ಬೀಳದೆ ಜೊತೆಯಲ್ಲೇ ಸಾಗುತ್ತದೆ.

500 ಕಿಲೋಮೀಟರ್ ಎತ್ತರದ ಉಪಗ್ರಹ ಸೆಕೆಂಡಿಗೆ ಸುಮಾರು 7.6 ಕಿಲೋಮೀಟರ್ ಓಡುತ್ತದೆ. ನೆತ್ತಿಯ ಮೇಲೆ ಅದರ ಕೋನವೇಗ ಸೆಕೆಂಡಿಗೆ 0.87 ಡಿಗ್ರಿ. ಅಜಿಮತ್ ಕಥೆ ಬೇರೆ. ಪಾಸ್‌ನ ಗರಿಷ್ಠ ಎಲಿವೇಷನ್‌ನ ಟ್ಯಾನ್ ಬೆಲೆಯಿಂದ ಇದನ್ನು ಗುಣಿಸಿದರೆ ಗರಿಷ್ಠ ಅಜಿಮತ್ ವೇಗ ಒರಟಾಗಿ ಸಿಗುತ್ತದೆ: 80 ಡಿಗ್ರಿ ಪಾಸ್‌ಗೆ ಸೆಕೆಂಡಿಗೆ 4.9 ಡಿಗ್ರಿ, 85ಕ್ಕೆ 9.9, 88ಕ್ಕೆ 25.

ಈ ತಲೆನೋವು ಎಲ್ಲ ಕೇಂದ್ರಗಳಿಗೂ ಇಲ್ಲ. 2010ರ ಜುಲೈನಲ್ಲಿ ಹಾರಿದ ಸ್ಟಡ್‌ಸ್ಯಾಟ್‌ನಂಥ ವಿದ್ಯಾರ್ಥಿ ಉಪಗ್ರಹಗಳನ್ನು ಹವ್ಯಾಸಿ ಬ್ಯಾಂಡಿನಲ್ಲಿ ಯಾಗಿ ಆಂಟೆನಾದಿಂದ ಕೇಳುವಾಗ ಬೀಮ್ ಹತ್ತಾರು ಡಿಗ್ರಿ ಅಗಲವಿರುತ್ತದೆ. ಕೋನವೇಗ ಅಷ್ಟಿಷ್ಟು ತಪ್ಪಿದರೂ ಗೊತ್ತೇ ಆಗುವುದಿಲ್ಲ. ಬೆಂಗಳೂರು ಬಳಿಯ ಬ್ಯಾಲಾಳಿನಲ್ಲಿರುವ ಇಸ್ರೋದ 32 ಮೀಟರ್ ಆಂಟೆನಾದ ಬೀಮ್ ಬಹಳ ಸಪೂರ, ಆದರೆ ಅದು ನೋಡುವ ದೂರದ ನೌಕೆಗಳು ಹೆಚ್ಚುಕಡಿಮೆ ನಕ್ಷತ್ರಗಳ ವೇಗದಲ್ಲೇ, ಸೆಕೆಂಡಿಗೆ 0.0042 ಡಿಗ್ರಿಯಂತೆ ಸರಿಯುತ್ತವೆ. ಸಪೂರ ಬೀಮ್ ಮತ್ತು ವೇಗದ ಗುರಿ ಎರಡೂ ಒಟ್ಟಿಗೆ ಸೇರಿದಾಗಲೇ ಕಷ್ಟ. ಯಾಗಿಯಲ್ಲಿ ವರ್ಷಗಟ್ಟಲೆ ಓಡಿದ ಸಾಫ್ಟ್‌ವೇರ್ ಎಕ್ಸ್ ಬ್ಯಾಂಡ್ ಡಿಶ್‌ಗೆ ಬಂದ ಮೊದಲ ದಿನವೇ ಮುಗ್ಗರಿಸುವುದು ಇದೇ ಕಾರಣಕ್ಕೆ.

ಮೊದಲ ಪರೀಕ್ಷೆ: ಕದಲದ ಗುರಿ, ಕದಲುವ ಡಿಶ್

ಬೇರೇನನ್ನೂ ಮುಟ್ಟುವ ಮೊದಲು ಇದನ್ನು ಮಾಡಿ. ಇದಕ್ಕೆ ಅರ್ಧ ಗಂಟೆ ಸಾಕು, ಮತ್ತು ಇದು ಉಳಿಸುವ ವಾರಗಳು ಕಡಿಮೆಯಲ್ಲ.

ಬೋರ್‌ಸೈಟ್ ಟವರ್ (ಡಿಶ್ ಪರೀಕ್ಷೆಗೆಂದು ದೂರದಲ್ಲಿ ನಿಲ್ಲಿಸಿದ ಗೋಪುರ) ಮೇಲೆ ಸಣ್ಣ ಸಿಗ್ನಲ್ ಮೂಲವೊಂದನ್ನು ಇಡಿ. ದೂರ ಕನಿಷ್ಠ 490 ಮೀಟರ್ ಇರಲಿ. ಡಿಶ್ ವ್ಯಾಸದ ವರ್ಗದ ಎರಡು ಪಟ್ಟನ್ನು ತರಂಗಾಂತರದಿಂದ ಭಾಗಿಸಿದರೆ ಬರುವ ಅಂಕಿ ಅದು. ಅದಕ್ಕಿಂತ ಹತ್ತಿರವಿದ್ದರೆ ಫೀಡಿನ ಓದಿಕೆಯನ್ನು ನಂಬುವಂತಿಲ್ಲ. ಡಿಶ್ಶನ್ನು ಅದಕ್ಕೆ ಗುರಿಯಿಟ್ಟು, ಆಟೋಟ್ರ್ಯಾಕ್ (ಫೀಡಿನ ಓದಿಕೆ ನೋಡಿ ಡಿಶ್ ತಾನೇ ಗುರಿಯನ್ನು ಹಿಂಬಾಲಿಸುವ ವಿಧಾನ) ಆಫ್ ಮಾಡಿ, ಒಂದು ಅಕ್ಷದಲ್ಲಿ ಮಾತ್ರ 0.1 ಡಿಗ್ರಿ ವಿಸ್ತಾರದ, 0.5 ಹರ್ಟ್ಜ್‌ನ ಸೈನ್ ಚಲನೆ ಕೊಡಿ. ಹತ್ತು ಪೂರ್ಣ ಸುತ್ತು, ಒಟ್ಟು 20 ಸೆಕೆಂಡ್. ಟವರ್ ಎಲ್ಲೂ ಓಡಿಹೋಗುವುದಿಲ್ಲವಾದ್ದರಿಂದ ಅಂದಾಜಿನ ಕೋನವೇಗ ಸೊನ್ನೆ ಬರಬೇಕು. ಬರದಿದ್ದರೆ ಡಿಶ್‌ನ ಚಲನೆಯೇ ದೃಷ್ಟಿರೇಖೆಯ ಲೆಕ್ಕಕ್ಕೆ ಸೋರುತ್ತಿದೆ.

ಸೋರಿಕೆಯ ಹಂತಕೋನ ನೋಡಿದರೆ ಕಾರಣ ತಾನಾಗಿ ಹೊರಬೀಳುತ್ತದೆ. ಫೀಡಿನ ಸ್ಕೇಲ್ ತಪ್ಪಿದ್ದರೆ ಸೋರಿಕೆ ಡಿಶ್‌ನ ವೇಗಕ್ಕೆ ಅನುಪಾತದಲ್ಲಿರುತ್ತದೆ. ಫೀಡಿನ ಓದಿಕೆ ತಡವಾಗಿ ಬರುತ್ತಿದ್ದರೆ ಸೋರಿಕೆ ಡಿಶ್‌ನ ವೇಗೋತ್ಕರ್ಷಕ್ಕೆ ಅನುಪಾತದಲ್ಲಿರುತ್ತದೆ, ಅಂದರೆ 90 ಡಿಗ್ರಿ ಸರಿದಿರುತ್ತದೆ. ಮೇಲಿನ ಚಲನೆಯಲ್ಲಿ ಡಿಶ್ ವೇಗದ ವಿಸ್ತಾರ ಸೆಕೆಂಡಿಗೆ 0.314 ಡಿಗ್ರಿ, ವೇಗೋತ್ಕರ್ಷದ್ದು ಸೆಕೆಂಡ್ ವರ್ಗಕ್ಕೆ 0.99. ಸ್ಕೇಲ್ ಶೇಕಡ 10 ತಪ್ಪಿದ್ದರೆ ಸೆಕೆಂಡಿಗೆ 0.031 ಡಿಗ್ರಿಯ ಸುಳ್ಳು ವೇಗ. ಫೀಡ್ 40 ಮಿಲಿಸೆಕೆಂಡ್ ತಡವಾಗಿದ್ದರೆ 0.039. ಬರಿಗಣ್ಣಿಗೆ ಎರಡೂ ಒಂದೇ ತೂಗಾಟ. ಅದನ್ನು ಡಿಶ್ ವೇಗದ ಸೈನ್‌ನಿಂದ ಒಮ್ಮೆ, 90 ಡಿಗ್ರಿ ಸರಿಸಿದ ಸೈನ್‌ನಿಂದ ಇನ್ನೊಮ್ಮೆ ಗುಣಿಸಿ ಸರಾಸರಿ ತೆಗೆದರೆ ಎರಡು ಕಾರಣಗಳೂ ಬೇರೆಬೇರೆಯಾಗಿ ನಿಲ್ಲುತ್ತವೆ.

ಇಲ್ಲಿ ಎಡವುವ ಜಾಗ ಒಂದಿದೆ. ಈ ಲೆಕ್ಕವನ್ನು ಫಿಲ್ಟರ್ ಆದ ವೇಗದ ಮೇಲೆ ಮಾಡಿದರೆ ಫಿಲ್ಟರಿನ ಸ್ವಂತ ವಿಳಂಬ ಹಂತವನ್ನು ತಿರುಗಿಸಿಬಿಡುತ್ತದೆ, ಸ್ಕೇಲ್ ತಪ್ಪು ಸಮಯದ ತಪ್ಪಿನಂತೆ ಕಾಣುತ್ತದೆ. ಫಿಲ್ಟರಿಗೆ ಮೊದಲಿನ ಕಚ್ಚಾ ವ್ಯತ್ಯಾಸವನ್ನೇ ಬಳಸಿ, ಇಲ್ಲವೇ ಡಿಶ್ ವೇಗವನ್ನೂ ಅದೇ ಫಿಲ್ಟರಿನಲ್ಲಿ ಹಾಯಿಸಿ ಹೋಲಿಸಿ.

ಸ್ಕೇಲ್ ಸರಿಪಡಿಸಲು ಟವರ್‌ನಿಂದ ಎರಡೂ ಬದಿಗೆ 0.1 ಮತ್ತು 0.2 ಡಿಗ್ರಿ ಸರಿಸಿ ನಿಲ್ಲಿಸಿ, ಒಂದೊಂದು ಕಡೆಯೂ ಹತ್ತು ಸೆಕೆಂಡ್ ಸರಾಸರಿ ಓದಿ, ವೋಲ್ಟ್‌ಗೆ ಎಷ್ಟು ಡಿಗ್ರಿ ಎಂದು ಗೆರೆ ಹೊಂದಿಸಿ. ಫೀಡಿನ ವ್ಯತ್ಯಾಸ ಚಾನಲ್ಲಿನ (ಸರಿತ ತೋರಿಸುವುದು) ವೋಲ್ಟೇಜನ್ನು ಮೊತ್ತ ಚಾನಲ್ಲಿನ (ಸಿಗ್ನಲ್ ಬಲ ತೋರಿಸುವುದು) ವೋಲ್ಟೇಜಿನಿಂದ ಭಾಗಿಸಿಯೇ ಬಳಸಬೇಕು. ಭಾಗಿಸದಿದ್ದರೆ ಸಿಗ್ನಲ್ ಬಲ ಬದಲಾದಂತೆ ಸ್ಕೇಲ್ ಕೂಡ ಬದಲಾಗುತ್ತದೆ. ತಡ ಸರಿಪಡಿಸಲು ಎನ್‌ಕೋಡರ್ ಓದಿಕೆಗಳನ್ನು ಸಮಯದ ಮುದ್ರೆಯೊಂದಿಗೆ ಅರ್ಧ ಸೆಕೆಂಡಿನಷ್ಟು ಸಾಲಿನಲ್ಲಿಟ್ಟುಕೊಂಡು, ಫೀಡಿನ ಓದಿಕೆ ನಿಜವಾಗಿ ಹುಟ್ಟಿದ ಕ್ಷಣದ ಎನ್‌ಕೋಡರ್ ಬೆಲೆಯನ್ನು ನಡುವಿನಿಂದ ಲೆಕ್ಕ ಹಾಕಿ ಕೂಡಿಸಿ. ಎನ್‌ಕೋಡರಿನ ಇತ್ತೀಚಿನ ಬೆಲೆಗೆ ಫೀಡಿನ ಇತ್ತೀಚಿನ ಬೆಲೆ ಕೂಡಿಸುವುದು ಸುಲಭ, ತಪ್ಪೂ ಹೌದು.

ಸ್ಕೇಲ್ ತಪ್ಪು ಬರೀ ಅಂದಾಜನ್ನು ಕೆಡಿಸಿ ಸುಮ್ಮನಿರುವುದಿಲ್ಲ. ಫೀಡಿನ ಓದಿಕೆ ನಿಜಕ್ಕಿಂತ ಕಡಿಮೆ ಬರುತ್ತಿದ್ದರೆ ಡಿಶ್‌ನ ಸ್ವಂತ ಚಲನೆಯ ಒಂದು ಪಾಲು ಉಪಗ್ರಹದ ಚಲನೆ ಎಂದು ಲೆಕ್ಕಕ್ಕೆ ಬಂದು, ಮುಂಗಡ ವೇಗವಾಗಿ ಸರ್ವೋಗೆ ಮರಳುತ್ತದೆ. ಡಿಶ್ ಇನ್ನಷ್ಟು ಓಡುತ್ತದೆ, ಲೆಕ್ಕ ಇನ್ನಷ್ಟು ಏರುತ್ತದೆ. ತನ್ನ ಬಾಲವನ್ನು ತಾನೇ ಅಟ್ಟಿಸಿಕೊಂಡು ಹೋಗುವ ನಾಯಿಯ ಪಾಡು. ಇಂಥ ನಿಧಾನ ತೂಗಾಟ ಕಂಡಾಗ ಗೇನ್ ತಗ್ಗಿಸಿದರೆ ತೂಗಾಟ ಅಡಗುತ್ತದೆ, ವಿಳಂಬ ಬೆಳೆಯುತ್ತದೆ, ಮುಂದಿನ ಎತ್ತರದ ಪಾಸ್‌ನಲ್ಲಿ ಉಪಗ್ರಹವೇ ಕೈತಪ್ಪುತ್ತದೆ.

ಟವರ್ ಮುಚ್ಚಿಡುವ ತಪ್ಪು

ಟವರ್ ಪರೀಕ್ಷೆ ಪಾಸಾದರೂ ಒಂದು ದೋಷ ಅದರ ಕಣ್ಣಿಗೆ ಬೀಳುವುದಿಲ್ಲ. ಫೀಡ್ ಅಳೆಯುವುದು ಆಕಾಶದ ಮೇಲಿನ ಅಡ್ಡ ಸರಿತವನ್ನು, ಅಜಿಮತ್ ಅಕ್ಷದ ಕೋನವನ್ನಲ್ಲ. ಅಜಿಮತ್‌ಗೆ ಕೂಡಿಸುವ ಮೊದಲು ಅದನ್ನು ಎಲಿವೇಷನ್‌ನ ಕೊಸೈನ್‌ನಿಂದ ಭಾಗಿಸಬೇಕು. ಟವರ್ 5 ಡಿಗ್ರಿ ಎತ್ತರದಲ್ಲಿದ್ದರೆ ಕೊಸೈನ್ 0.996. ಭಾಗಿಸಲು ಮರೆತರೂ ಏನೂ ಕಾಣದು. 60 ಡಿಗ್ರಿಯಲ್ಲಿ ಕೊಸೈನ್ 0.5, ಆಗ ಡಿಶ್ ಚಲನೆಯ ಅರ್ಧದಷ್ಟು ಸೋರುತ್ತದೆ. ಹಾಗಾಗಿ ನಿಜವಾದ ಪಾಸ್ ಒಂದರಲ್ಲಿ, ಎಲಿವೇಷನ್ 55ರಿಂದ 65ರ ನಡುವೆ ಇರುವಾಗ, ಆಟೋಟ್ರ್ಯಾಕ್ ಬದಲು ಕಕ್ಷೆಯ ಲೆಕ್ಕದಿಂದ ಡಿಶ್ ನಡೆಸುತ್ತಾ ಅದರ ಮೇಲೆ ಅದೇ 0.5 ಹರ್ಟ್ಜ್ ಅಲುಗಾಟ ಸೇರಿಸಿ, ಅಂದಾಜಿನಲ್ಲಿ ಆ ಆವರ್ತನದ ಅಂಶವನ್ನು ಮಾತ್ರ ಹೆಕ್ಕಿ ನೋಡಿ. ಸೊನ್ನೆಯ ಹತ್ತಿರ ಬಂದರೆ ಜ್ಯಾಮಿತಿ ಸರಿಯಿದೆ.

"ತಗ್ಗು ಪಾಸ್‌ಗಳು ಚೆನ್ನ, ಎತ್ತರದ ಪಾಸ್‌ಗಳು ಹಾಳು" ಎಂಬ ದೂರು ಬಂದರೆ ಮೊದಲ ಅನುಮಾನ ಈ ಕೊಸೈನ್ ಮೇಲಿರಲಿ.

ಲಕ್ಷಣ: ವೇಗದ ಗೆರೆ ಮುಳ್ಳುಮುಳ್ಳಾಗಿದೆ

ಮುಳ್ಳುಗಳ ಎತ್ತರ ನೋಡಿ. ಎಲ್ಲವೂ ಒಂದೇ ಎತ್ತರವಿದ್ದು, ಡಿಶ್ ನಿಧಾನವಾದಾಗ ಅವುಗಳ ನಡುವಿನ ಅಂತರ ಹಿಗ್ಗಿದರೆ ಅದು ನಾಯ್ಸ್ (ಅಳತೆಯ ಗೊತ್ತುಗುರಿಯಿಲ್ಲದ ಏರುಪೇರು) ಅಲ್ಲ, ಎನ್‌ಕೋಡರಿನ ಮೆಟ್ಟಿಲು. ಎಎಸ್5600ರಂಥ 12 ಬಿಟ್ ಎನ್‌ಕೋಡರಿನ ಒಂದು ಮೆಟ್ಟಿಲು 0.088 ಡಿಗ್ರಿ. ಅದನ್ನು 0.05 ಸೆಕೆಂಡಿನಿಂದ ಭಾಗಿಸಿದರೆ ಸೆಕೆಂಡಿಗೆ 1.76 ಡಿಗ್ರಿ. ಅಂದರೆ ಒಂದು ಮೆಟ್ಟಿಲಿನ ಸುಳ್ಳು ವೇಗವೇ ನೆತ್ತಿಯ ಮೇಲಿನ ಉಪಗ್ರಹದ ನಿಜ ವೇಗದ ಎರಡು ಪಟ್ಟು. ಸೆಕೆಂಡಿಗೆ 0.1 ಡಿಗ್ರಿ ವೇಗದಲ್ಲಿ ಈ ಎನ್‌ಕೋಡರ್ 17-18 ಅಳತೆಗಳವರೆಗೆ ಕದಲುವುದೇ ಇಲ್ಲ, ಆಮೇಲೆ ಒಮ್ಮೆಲೇ ಜಿಗಿಯುತ್ತದೆ. ಸಾಮಾನ್ಯ ಲೋ-ಪಾಸ್ ಫಿಲ್ಟರ್ ಇದನ್ನು ಗೆಲ್ಲಲಾರದು, ಯಾಕೆಂದರೆ ಮುಳ್ಳುಗಳ ಆವರ್ತನ ಡಿಶ್ ವೇಗದ ಜೊತೆಗೇ ಬದಲಾಗುತ್ತಿರುತ್ತದೆ. ಎನ್‌ಕೋಡರ್ ಬದಲಿಸುವುದೇ ಮದ್ದು. 17 ಬಿಟ್‌ನದಾದರೆ ಅದೇ ಮೆಟ್ಟಿಲು ಸೆಕೆಂಡಿಗೆ 0.055 ಡಿಗ್ರಿಗೆ ಇಳಿಯುತ್ತದೆ.

ಮುಳ್ಳುಗಳ ಎತ್ತರ ಅಡ್ಡಾದಿಡ್ಡಿಯಾಗಿದ್ದರೆ ಫೀಡಿನ ನಾಯ್ಸ್. ಕೋನದ ನಾಯ್ಸ್ 0.02 ಡಿಗ್ರಿ ಎಂದಿಟ್ಟುಕೊಂಡರೆ, ಪಕ್ಕಪಕ್ಕದ ಎರಡು ಅಳತೆಗಳ ವ್ಯತ್ಯಾಸದಿಂದ ಬರುವ ವೇಗದ ನಾಯ್ಸ್ ಸೆಕೆಂಡಿಗೆ 0.57 ಡಿಗ್ರಿ. ಫಿಲ್ಟರ್ ಇರುವುದೇ ಇದಕ್ಕೆ. ಇದು ದೋಷವಲ್ಲ, ಸಹಜ.

ಒಂದೇ ಒಂದು ಮುಳ್ಳು ಸೆಕೆಂಡಿಗೆ 7,000 ಡಿಗ್ರಿ ದಾಟಿ ನಿಂತಿದ್ದರೆ ಡಿಶ್ ಉತ್ತರವನ್ನು ಹಾದಿದೆ ಎಂದರ್ಥ: 359.98ರಿಂದ 0.03ಕ್ಕೆ. ವ್ಯತ್ಯಾಸವನ್ನು ಮೈನಸ್ 180ರಿಂದ ಪ್ಲಸ್ 180ರೊಳಗೆ ಮಡಚಬೇಕು. ಬಹಳ ಮಂದಿ ಅಳತೆಗಳ ನಡುವಿನ ವ್ಯತ್ಯಾಸವನ್ನು ಮಡಚಿ, ಫಿಲ್ಟರಿನೊಳಗೆ ಅಳತೆಗೂ ಊಹೆಗೂ ಇರುವ ವ್ಯತ್ಯಾಸವನ್ನು ಮಡಚಲು ಮರೆಯುತ್ತಾರೆ. ಎರಡೂ ಕಡೆ ಬೇಕು.

ಡಿಶ್ ವೇಗ ಹೆಚ್ಚಾದಷ್ಟೂ ನಾಯ್ಸ್ ಹೆಚ್ಚುತ್ತಿದ್ದರೆ ಗಡಿಯಾರವನ್ನು ಅನುಮಾನಿಸಿ. ಸೆಕೆಂಡಿಗೆ 5 ಡಿಗ್ರಿ ಓಡುವಾಗ ಸಮಯದಲ್ಲಿ 5 ಮಿಲಿಸೆಕೆಂಡ್ ಏರುಪೇರಾದರೆ ಕೋನದಲ್ಲಿ 0.025 ಡಿಗ್ರಿ ಏರುಪೇರು. ಅದು ಫೀಡಿನ ನಾಯ್ಸ್‌ಗಿಂತಲೂ ಜಾಸ್ತಿ. ಪ್ರೋಗ್ರಾಮ್ 0.05 ಸೆಕೆಂಡ್ ಮಲಗಿ ಎದ್ದು ಓದುತ್ತದೆ ಎಂದು ಬರೆದಿದ್ದರೆ, ಓದುವ ಕೆಲಸಕ್ಕೇ 7 ಮಿಲಿಸೆಕೆಂಡ್ ಹಿಡಿದು ನಿಜವಾದ ಅಂತರ 0.057 ಆಗಿರುತ್ತದೆ. ಆಗ ಎಲ್ಲ ವೇಗಗಳೂ ಶೇಕಡ 14ರಷ್ಟು ಹೆಚ್ಚಾಗಿ ಕಾಣುತ್ತವೆ. ಅಂತರ ಇಷ್ಟೇ ಎಂದು ನಂಬಬೇಡಿ. ಪ್ರತಿ ಅಳತೆಗೂ ಸಮಯ ಮುದ್ರಿಸಿ, ಅದರಿಂದಲೇ ಅಂತರ ತೆಗೆಯಿರಿ.

ಲಕ್ಷಣ: ಬೆಳಿಗ್ಗೆ ಸರಿ, ಮಧ್ಯಾಹ್ನ ಹಾಳು

ಬಿಸಿಲಿನಿಂದ ಕೇಬಲ್ ಕಾದಿದೆ ಎಂದು ಎಲ್ಲರೂ ಡಿಶ್ ಹತ್ತುತ್ತಾರೆ. ಹತ್ತುವ ಮೊದಲು ಸಮಯವನ್ನು ಯಾವ ಬಗೆಯ ಸಂಖ್ಯೆಯಲ್ಲಿ ಇಟ್ಟಿದ್ದೀರಿ ನೋಡಿ. ಯಂತ್ರ ಶುರುವಾದಾಗಿನಿಂದ ಎಣಿಸಿದ ಮಿಲಿಸೆಕೆಂಡುಗಳನ್ನು 32 ಬಿಟ್ ಫ್ಲೋಟ್‌ನಲ್ಲಿ ಇಟ್ಟರೆ 1,67,77,216 ದಾಟಿದ ಮೇಲೆ ಬೆಸ ಸಂಖ್ಯೆಗಳೇ ಮಾಯ. ಅದು 4 ಗಂಟೆ 40 ನಿಮಿಷದ ಸುಮಾರಿಗೆ. ಅಲ್ಲಿಂದ ಸಮಯ 2 ಮಿಲಿಸೆಕೆಂಡಿನ ಮೆಟ್ಟಿಲಿನಲ್ಲಿ ಸಾಗುತ್ತದೆ, ಇನ್ನೂ ಅಷ್ಟೇ ಹೊತ್ತು ಕಳೆದರೆ 4ರ ಮೆಟ್ಟಿಲು. ಬೆಳಿಗ್ಗೆ ಆನ್ ಮಾಡಿದ ಯಂತ್ರ ಮಧ್ಯಾಹ್ನ ಕೆಡುವುದಕ್ಕೆ ಬಿಸಿಲೇ ಬೇಕಿಲ್ಲ. 1970ರಿಂದ ಎಣಿಸುವ ಯುನಿಕ್ಸ್ ಸೆಕೆಂಡುಗಳನ್ನು ಅದೇ ಫ್ಲೋಟ್‌ನಲ್ಲಿ ಇಟ್ಟರೆ ಈಗಿನ ಕಾಲದಲ್ಲಿ ಮೆಟ್ಟಿಲು 128 ಸೆಕೆಂಡ್! ಊನೋದಂಥ ಹಳೆಯ ಆರ್ಡುಯಿನೋ ಬೋರ್ಡುಗಳಲ್ಲಿ ಡಬಲ್ ಎಂದು ಬರೆದರೂ ಸಿಗುವುದು 32 ಬಿಟ್ಟೇ. ಅಲ್ಲಿನ ಮೈಕ್ರೋಸೆಕೆಂಡ್ ಎಣಿಕೆ ಸುಮಾರು 70 ನಿಮಿಷಕ್ಕೊಮ್ಮೆ ಸೊನ್ನೆಗೆ ಮರಳುತ್ತದೆ ಎಂಬುದೂ ನೆನಪಿರಲಿ. ಪೂರ್ಣಾಂಕದಲ್ಲಿ ಎಣಿಸಿ, ವ್ಯತ್ಯಾಸ ತೆಗೆದ ಮೇಲೆ ಮಾತ್ರ ಫ್ಲೋಟ್‌ಗೆ ತನ್ನಿ.

ಯಂತ್ರವನ್ನು ಮರುಶುರು ಮಾಡಿದ ಕೂಡಲೇ ಸರಿಹೋದರೆ ಎಣಿಕೆಯ ದೋಷ. ಬಿಸಿಲು ಇಳಿದ ಮೇಲೆ ಸರಿಹೋದರೆ ಕೇಬಲ್.

ಕೇಬಲ್ ದೋಷಕ್ಕೂ ಒಂದು ಗುರುತಿದೆ. ಮೊತ್ತ ಮತ್ತು ವ್ಯತ್ಯಾಸ ಚಾನಲ್‌ಗಳ ನಡುವೆ ಹಂತ ತಪ್ಪಿದರೆ ಒಂದು ಅಕ್ಷದ ಸರಿತ ಇನ್ನೊಂದರಲ್ಲಿ ಕಾಣುತ್ತದೆ. ಹಂತ 20 ಡಿಗ್ರಿ ತಪ್ಪಿದ್ದರೆ ಸ್ವಂತ ಅಕ್ಷದಲ್ಲಿ ಶೇಕಡ 94 ಉಳಿದು, ಪಕ್ಕದ ಅಕ್ಷಕ್ಕೆ ಶೇಕಡ 34 ಹೋಗುತ್ತದೆ. ಡಿಶ್ ಗುರಿಗೆ ನೇರವಾಗಿ ಬರದೆ ಸುರುಳಿ ಸುತ್ತಿಕೊಂಡು ಬರುತ್ತದೆ. ಟವರ್ ಪರೀಕ್ಷೆಯಲ್ಲಿ ಅಜಿಮತ್ ಅಲುಗಿಸುವಾಗ ಎಲಿವೇಷನ್ ವೇಗವನ್ನೂ ದಾಖಲಿಸಿಕೊಂಡಿದ್ದರೆ ಇದು ಆಗಲೇ ಸಿಕ್ಕಿಬೀಳುತ್ತದೆ.

ಲಕ್ಷಣ: ಗೆರೆ ನುಣುಪಾಗಿದೆ, ಆದರೆ ಹಿಂದೆ ಬೀಳುತ್ತದೆ

ಅಳತೆ ಶುದ್ಧವಾದ ಮೇಲೆ ಫಿಲ್ಟರಿನ ಸರದಿ. ಆಲ್ಫಾ-ಬೀಟಾ ಫಿಲ್ಟರಿನಿಂದಲೇ ಶುರು ಮಾಡಿ. ಅದರಲ್ಲಿ ಗೇನ್ ಎರಡೇ: ಕೋನ ತಿದ್ದುವುದು ಆಲ್ಫಾ, ವೇಗ ತಿದ್ದುವುದು ಬೀಟಾ. ಕೈಯಲ್ಲೇ ಲೆಕ್ಕ ಹಾಕಬಹುದು, ಕೆಟ್ಟರೆ ಕಾರಣ ಕಾಣುತ್ತದೆ. ಆಲ್ಫಾ ಆರಿಸಿದ ಮೇಲೆ ಬೀಟಾವನ್ನು ಮನಸ್ಸಿಗೆ ಬಂದಂತೆ ಇಡುವ ಹಾಗಿಲ್ಲ. ಬೆನೆಡಿಕ್ಟ್ ಮತ್ತು ಬೋರ್ಡ್ನರ್ 1962ರಲ್ಲಿ ಕೊಟ್ಟ ಸಂಬಂಧದಂತೆ, ಆಲ್ಫಾದ ವರ್ಗವನ್ನು 2ರಿಂದ ಆಲ್ಫಾ ಕಳೆದ ಬೆಲೆಯಿಂದ ಭಾಗಿಸಿದರೆ ಬೀಟಾ.

ಉಪಗ್ರಹ ಒಂದೇ ವೇಗದಲ್ಲಿ ಓಡಿದರೆ ಈ ಫಿಲ್ಟರ್ ಹಿಂದೆ ಬೀಳುವುದಿಲ್ಲ. ವೇಗ ಬದಲಾಗುವಾಗ ಮಾತ್ರ ಬೀಳುತ್ತದೆ. ವೇಗದ ಅಂದಾಜು ಎಷ್ಟು ಸೆಕೆಂಡ್ ಹಳೆಯದು ಎಂದು ತಿಳಿಯಲು ಆಲ್ಫಾವನ್ನು ಬೀಟಾದಿಂದ ಭಾಗಿಸಿ, ಅರ್ಧ ಕಳೆದು, ಅಳತೆಗಳ ಅಂತರದಿಂದ ಗುಣಿಸಿ. 80 ಡಿಗ್ರಿ ಪಾಸ್‌ನಲ್ಲಿ ಅಜಿಮತ್ ವೇಗೋತ್ಕರ್ಷ ಸೆಕೆಂಡ್ ವರ್ಗಕ್ಕೆ ಗರಿಷ್ಠ 0.275 ಡಿಗ್ರಿಗೆ ಮುಟ್ಟುತ್ತದೆ. ಆಲ್ಫಾ 0.3, ಬೀಟಾ 0.053 ಇಟ್ಟರೆ ಅಂದಾಜು 0.26 ಸೆಕೆಂಡ್ ಹಳೆಯದು. ವಿಳಂಬದ ತಪ್ಪು ಸೆಕೆಂಡಿಗೆ 0.071 ಡಿಗ್ರಿ, ನಾಯ್ಸ್ 0.030. ಆಲ್ಫಾ 0.5, ಬೀಟಾ 0.167 ಇಟ್ಟರೆ ವಿಳಂಬದ ತಪ್ಪು 0.034ಕ್ಕೆ ಇಳಿಯುತ್ತದೆ, ನಾಯ್ಸ್ 0.079ಕ್ಕೆ ಏರುತ್ತದೆ. ಈ ಎರಡರ ನಡುವೆ ಎಲ್ಲೋ ನಿಮ್ಮ ಜಾಗ. 85 ಡಿಗ್ರಿ ಪಾಸ್‌ಗೆ ವೇಗೋತ್ಕರ್ಷ 1.12 ಆಗುವುದರಿಂದ ವಿಳಂಬದ ತಪ್ಪು ನಾಲ್ಕು ಪಟ್ಟು. ಎಲ್ಲ ಪಾಸ್‌ಗಳಿಗೂ ಒಂದೇ ಗೇನ್ ಎಂಬ ಹಟ ಇಲ್ಲಿ ನಡೆಯುವುದಿಲ್ಲ.

ವಿಳಂಬವನ್ನು ಸ್ಥಿರ ತಪ್ಪಿನಿಂದ ಬೇರ್ಪಡಿಸುವುದು ಸುಲಭ. ವೇಗೋತ್ಕರ್ಷದ ಗರಿಷ್ಠ ಬಿಂದುಗಳು ಎರಡು. 80 ಡಿಗ್ರಿ ಪಾಸ್‌ನಲ್ಲಿ ಅವು ಅತಿ ಎತ್ತರದ ಕ್ಷಣಕ್ಕೆ 6-7 ಸೆಕೆಂಡ್ ಮೊದಲು ಒಂದು, ಅಷ್ಟೇ ನಂತರ ಇನ್ನೊಂದು, ಚಿಹ್ನೆ ಉಲ್ಟಾ. ಅಜಿಮತ್ ಶೇಷ (ಅಳತೆಗೂ ಫಿಲ್ಟರಿನ ಊಹೆಗೂ ಇರುವ ಅಂತರ) ಆ ಎರಡು ಕಡೆ ಒಂದು ಉಬ್ಬು, ಒಂದು ತಗ್ಗು ಮಾಡಿದರೆ ವಿಳಂಬ. ಪಾಸ್ ಉದ್ದಕ್ಕೂ ಒಂದೇ ಬದಿಗೆ ವಾಲಿದ್ದರೆ ಎನ್‌ಕೋಡರ್ ಜೋಡಣೆಯನ್ನೋ ಮೌಂಟಿನ ಮಟ್ಟವನ್ನೋ ನೋಡಿ.

ಕಾಲ್ಮನ್ ಫಿಲ್ಟರ್ ಇದ್ದರೆ

ಗೇನನ್ನು ತಾನೇ ಲೆಕ್ಕ ಹಾಕಿಕೊಳ್ಳುವ ಕಾಲ್ಮನ್ ಫಿಲ್ಟರ್ ತನ್ನ ಆರೋಗ್ಯವನ್ನೂ ತಾನೇ ಹೇಳಿಕೊಳ್ಳುತ್ತದೆ, ಕೇಳುವವರು ಕಡಿಮೆ. ಶೇಷದ ವರ್ಗವನ್ನು ಫಿಲ್ಟರ್ ತಾನೇ ನಿರೀಕ್ಷಿಸಿದ ವ್ಯತ್ಯಯದಿಂದ ಭಾಗಿಸಿ, 200 ಅಳತೆಗಳ, ಅಂದರೆ 10 ಸೆಕೆಂಡಿನ ಸರಾಸರಿ ತೆಗೆಯಿರಿ. 0.80ರಿಂದ 1.20ರೊಳಗೆ ಬಂದರೆ ಸರಿ. ಬಹಳ ಹೆಚ್ಚಿದ್ದರೆ ಫಿಲ್ಟರಿಗೆ ಅತಿಯಾದ ಆತ್ಮವಿಶ್ವಾಸ. ಬಹಳ ಕಡಿಮೆಯಿದ್ದರೆ ಅತಿಯಾದ ಅಳುಕು. ಜೊತೆಗೆ ಪಕ್ಕಪಕ್ಕದ ಶೇಷಗಳ ಸಹಸಂಬಂಧವನ್ನೂ ನೋಡಿ. 200 ಅಳತೆಗಳಿಗೆ ಅದು 0.14ರೊಳಗೆ ಇರಬೇಕು. ಅದಕ್ಕಿಂತ ತುಂಬಾ ಧನಾತ್ಮಕವಾಗಿದ್ದರೆ ಫಿಲ್ಟರ್ ಹಿಂದೆ ಬೀಳುತ್ತಿದೆ: ಚಲನೆಯ ನಾಯ್ಸ್ (ಗುರಿಯ ವೇಗ ಎಷ್ಟು ಬದಲಾದೀತೆಂದು ಫಿಲ್ಟರಿಗೆ ಹೇಳುವ ಅಂಕಿ) ಹೆಚ್ಚಿಸಿ. ಋಣಾತ್ಮಕವಾಗಿದ್ದರೆ ನಾಯ್ಸ್ ಹಿಂದೆ ಓಡುತ್ತಿದೆ: ತಗ್ಗಿಸಿ. ಚಲನೆಯ ನಾಯ್ಸ್ ಆಗಿ ಇಡುವ ವೇಗೋತ್ಕರ್ಷ, ಪಾಸ್‌ನ ಗರಿಷ್ಠ ವೇಗೋತ್ಕರ್ಷದ ಅರ್ಧದಿಂದ ಪೂರ್ತಿಯವರೆಗೆ ಇದ್ದರೆ ಒಳ್ಳೆಯ ಆರಂಭ.

ಅಳತೆಯ ನಾಯ್ಸ್ ಪಾಸ್ ಉದ್ದಕ್ಕೂ ಒಂದೇ ಅಲ್ಲ ಎಂಬುದನ್ನು ಫಿಲ್ಟರಿಗೆ ಹೇಳಲೇಬೇಕು. ಕೊಸೈನ್‌ನಿಂದ ಭಾಗಿಸಿದಾಗ ಅಜಿಮತ್ ನಾಯ್ಸ್ ಕೂಡ ಹಿಗ್ಗುತ್ತದೆ: 85 ಡಿಗ್ರಿಯಲ್ಲಿ 11.5 ಪಟ್ಟು, 88ರಲ್ಲಿ 29 ಪಟ್ಟು. ಇದನ್ನು ಹೇಳದೆ, 3 ಸಿಗ್ಮಾ (ನಿರೀಕ್ಷಿತ ಏರುಪೇರಿನ ಮೂರು ಪಟ್ಟು) ದಾಟಿದ ಅಳತೆಗಳನ್ನು ಎಸೆಯುವ ಬೇಲಿಯನ್ನೂ ಹಾಕಿದ್ದರೆ ಅನಾಹುತ. ನೆತ್ತಿಯ ಹತ್ತಿರ ಒಳ್ಳೆಯ ಅಳತೆಗಳೆಲ್ಲ ಬೇಲಿಯಾಚೆ ಬೀಳುತ್ತವೆ. ಫಿಲ್ಟರ್ ಕಣ್ಣುಮುಚ್ಚಿ ಹಳೆಯ ವೇಗದಲ್ಲೇ ಓಡುತ್ತದೆ, ಅಂತರ ಬೆಳೆದು ಮುಂದಿನ ಅಳತೆ ಇನ್ನೂ ದೂರ ಬೀಳುತ್ತದೆ. ಲಾಗ್‌ನಲ್ಲಿ ಎಸೆದ ಅಳತೆಗಳ ಎಣಿಕೆ ಇರಲಿ. ಸತತ 5 ಎಸೆದರೆ ವ್ಯತ್ಯಯವನ್ನು ಹಿಗ್ಗಿಸಿ ಮತ್ತೆ ಒಳಗೆ ಬಿಟ್ಟುಕೊಳ್ಳುವಂತೆ ಬರೆಯಿರಿ.

ನೆತ್ತಿ ಮತ್ತು ದಿಗಂತ

88 ಡಿಗ್ರಿ ಪಾಸ್‌ಗೆ ಸೆಕೆಂಡಿಗೆ 25 ಡಿಗ್ರಿ ಬೇಕು. ಮೋಟಾರ್ 10 ಕೊಟ್ಟರೆ ಯಾವ ಫಿಲ್ಟರ್ ಏನು ಮಾಡೀತು? ಆದರೆ ಇಲ್ಲೊಂದು ದೋಷ ಮೋಟಾರಿನ ಮಿತಿಯ ಮರೆಯಲ್ಲಿ ಕೂತಿರುತ್ತದೆ. ಡಿಶ್ ಹಿಂದೆ ಬಿದ್ದು ಉಪಗ್ರಹ ಬೀಮಿನ ಅಂಚಿಗೆ ಸರಿದಾಗ ಫೀಡಿನ ಓದಿಕೆ ನೇರಗೆರೆ ಬಿಟ್ಟು ಬಾಗುತ್ತದೆ. ನಿಜವಾಗಿ 0.5 ಡಿಗ್ರಿ ಸರಿದಿದ್ದರೂ 0.3 ಎಂದೀತು. ದೃಷ್ಟಿರೇಖೆ ಡಿಶ್‌ಗೆ ಹತ್ತಿರವಿದೆ ಎಂದು ಫಿಲ್ಟರ್ ನಂಬಿ ವೇಗವನ್ನು ತಗ್ಗಿಸುತ್ತದೆ. ವೇಗ ಬೇಕಾದ ಹೊತ್ತಿಗೇ ವೇಗ ಕಡಿತ! ಫೀಡಿನ ಓದಿಕೆ ಟವರ್ ಬಳಿ ಅಳೆದ ನೇರಗೆರೆಯ ಮಿತಿ ದಾಟಿದರೆ, ಅಥವಾ ಮೋಟಾರ್ ಗರಿಷ್ಠದಲ್ಲಿದ್ದರೆ, ಅಳತೆ ತೆಗೆದುಕೊಳ್ಳುವುದನ್ನು ನಿಲ್ಲಿಸಿ ಕಕ್ಷೆಯ ಲೆಕ್ಕದ ವೇಗದಲ್ಲಿ ದಾಟಿಸಿ.

ದಿಗಂತದ ಹತ್ತಿರ ಎಲಿವೇಷನ್ ಗೆರೆ ಮಾತ್ರ ನಿಧಾನವಾಗಿ ಅಲೆಯಾಡಿ, ಅಜಿಮತ್ ಶಾಂತವಾಗಿದ್ದರೆ ಅದು ನೆಲದಿಂದ ಪ್ರತಿಫಲಿಸಿ ಬಂದ ಸಿಗ್ನಲ್. ಈ ನಾಯ್ಸ್‌ನಲ್ಲಿ ಪಕ್ಕಪಕ್ಕದ ಅಳತೆಗಳು ಒಂದೇ ದಿಕ್ಕಿಗೆ ತಪ್ಪುವುದರಿಂದ ಫಿಲ್ಟರ್ ಅದನ್ನು ನಿಜವಾದ ಚಲನೆ ಎಂದೇ ನಂಬುತ್ತದೆ. 5 ಡಿಗ್ರಿಗಿಂತ ಕೆಳಗೆ ಆಟೋಟ್ರ್ಯಾಕ್ ಹಾಕದಿರುವುದೇ ವಾಸಿ. ವಾತಾವರಣದ ವಕ್ರೀಭವನವನ್ನು ದೂರುವುದುಂಟು. ಅದು 10 ಡಿಗ್ರಿಯಲ್ಲಿ ಸುಮಾರು 0.09 ಡಿಗ್ರಿ ಎತ್ತಿ ತೋರಿಸುವುದು ನಿಜ, ಆದರೆ ಬದಲಾಗುವುದು ಬಹಳ ನಿಧಾನ. ಕೋನವನ್ನು ಕೆಡಿಸುತ್ತದೆ, ಕೋನವೇಗವನ್ನಲ್ಲ.

ಎಲಿವೇಷನ್‌ನಲ್ಲಿ ಇನ್ನೊಂದು ವಿಶೇಷ. ಪ್ರತಿ ಪಾಸ್‌ನಲ್ಲೂ ಅತಿ ಎತ್ತರದ ಕ್ಷಣದಲ್ಲಿ ಡಿಶ್ ಏರುವುದನ್ನು ಬಿಟ್ಟು ಇಳಿಯತೊಡಗುತ್ತದೆ. ಸರಿಯಾಗಿ ಆಗ ಶೇಷದಲ್ಲಿ ಒಂದು ಮೆಟ್ಟಿಲು ಕಂಡರೆ ಗೇರಿನ ಸಡಿಲ. ಎನ್‌ಕೋಡರ್ ಮೋಟಾರ್ ಬದಿಯಲ್ಲಿದ್ದರೆ ಈ ಸಡಿಲ ಅದಕ್ಕೆ ಕಾಣಿಸುವುದೇ ಇಲ್ಲ. ಮೆಟ್ಟಿಲಿನ ಎತ್ತರವೇ ಸಡಿಲದ ಅಳತೆ. ಎನ್‌ಕೋಡರನ್ನು ಅಕ್ಷಕ್ಕೇ ಕೂರಿಸಿ.

ಕಕ್ಷೆಯ ಲೆಕ್ಕವನ್ನು ಕೆಳಗೆ ಹಾಸಿಕೊಂಡರೆ

ಇಷ್ಟೆಲ್ಲ ಆದ ಮೇಲೂ ಎತ್ತರದ ಪಾಸ್‌ಗಳು ಕಾಡುತ್ತಿದ್ದರೆ ಫಿಲ್ಟರಿಗೆ ಪೂರ್ತಿ ಕೋನ ಕೊಡುವುದನ್ನು ಬಿಡಿ. ಟಿಎಲ್‌ಇಯಿಂದ (ಉಪಗ್ರಹದ ಕಕ್ಷೆ ಹೇಳುವ ಎರಡು ಸಾಲಿನ ಅಂಕಿಗಳಿಂದ) ಲೆಕ್ಕ ಹಾಕಿದ ಕೋನವನ್ನು ಅಳತೆಯಿಂದ ಕಳೆದು, ಉಳಿದ ಚಿಕ್ಕ ವ್ಯತ್ಯಾಸವನ್ನು ಮಾತ್ರ ಫಿಲ್ಟರ್ ಮಾಡಿ. ಲೆಕ್ಕದ ಕೋನವೇಗಕ್ಕೆ ಫಿಲ್ಟರಿನ ಚಿಕ್ಕ ವೇಗ ಕೂಡಿಸಿ ಸರ್ವೋಗೆ ಕೊಡಿ. ದೊಡ್ಡ ವೇಗೋತ್ಕರ್ಷವೆಲ್ಲ ಲೆಕ್ಕದ ಪಾಲಿಗೆ ಹೋಗುವುದರಿಂದ ಆಲ್ಫಾವನ್ನು 0.1ಕ್ಕೆ ಇಳಿಸಿದರೂ ವಿಳಂಬ ತಟ್ಟುವುದಿಲ್ಲ. ನಮ್ಮ ಮಟ್ಟಿಗೆ, ಟಿಎಲ್‌ಇ ಸಿಗುವ ಗುರಿಗೆ ಬೇರೆ ದಾರಿ ಹುಡುಕುವುದು ಸುಮ್ಮನೆ ಶ್ರಮ.

ಇದಕ್ಕೊಂದು ಷರತ್ತು: ಗಡಿಯಾರ. ಉಪಗ್ರಹ ತನ್ನ ದಾರಿಯಲ್ಲಿ 1 ಕಿಲೋಮೀಟರ್ ಮುಂದೆ-ಹಿಂದೆ ಇದ್ದರೆ ನೆತ್ತಿಯಲ್ಲಿ 0.11 ಡಿಗ್ರಿ ವ್ಯತ್ಯಾಸ. ಹಳೆಯ ಟಿಎಲ್‌ಇ ಇದನ್ನು ಸಲೀಸಾಗಿ ಮಾಡುತ್ತದೆ. ಗಡಿಯಾರ 0.1 ಸೆಕೆಂಡ್ ತಪ್ಪಿದರೂ 0.087 ಡಿಗ್ರಿ, ಅಂದರೆ ನಮ್ಮ ಪೂರ್ತಿ ಮಿತಿ ಅಲ್ಲೇ ಖರ್ಚು. ಎರಡೂ ಒಂದೇ ಬಗೆಯಲ್ಲಿ ಕಾಣುತ್ತವೆ. ಬೇರ್ಪಡಿಸಲು ಬೇರೆಬೇರೆ ಉಪಗ್ರಹಗಳ ನಾಲ್ಕಾರು ಪಾಸ್ ನೋಡಿ: ಎಲ್ಲದರಲ್ಲೂ ಒಂದೇ ದಿಕ್ಕಿಗೆ, ಒಂದೇ ಹೊತ್ತಿನಷ್ಟು ತಪ್ಪಿದ್ದರೆ ಗಡಿಯಾರ. ಒಂದೊಂದಕ್ಕೆ ಒಂದೊಂದು ರೀತಿಯಾದರೆ ಟಿಎಲ್‌ಇ. ತಪ್ಪು ಸರಿಯಾಗಿ 18 ಸೆಕೆಂಡ್ ಇದ್ದರೆ ಹುಡುಕಾಟವೇ ಬೇಡ. ಯಾರೋ ಜಿಪಿಎಸ್ ಸಮಯವನ್ನು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಎಂದು ಓದಿದ್ದಾರೆ. 2017ರ ಜನವರಿಯಿಂದ ಆ ಎರಡರ ನಡುವಿನ ಅಂತರ 18 ಸೆಕೆಂಡ್.

ಒಂದೊಂದು ತಿದ್ದುಪಡಿಯಾದ ಮೇಲೂ ಟವರ್ ಬಳಿಯ 20 ಸೆಕೆಂಡ್ ಅಲುಗಾಟವನ್ನು ಮತ್ತೆ ಓಡಿಸಿ, ಸ್ಕೇಲ್ ಸೋರಿಕೆ ಮತ್ತು ಸಮಯದ ಸೋರಿಕೆಯ ಎರಡು ಅಂಕಿಗಳನ್ನು ದಿನಾಂಕದೊಂದಿಗೆ ಬರೆದಿಡಿ. ಫೀಡ್ ಬಿಚ್ಚಿ ಹಾಕಿದಾಗ, ರಿಸೀವರಿನ ಸಾಫ್ಟ್‌ವೇರ್ ಬದಲಾದಾಗ, ಕೇಬಲ್ ಹೊಸದಾದಾಗ ಈ ಎರಡು ಅಂಕಿಗಳೇ ಮೊದಲು ಕದಲುತ್ತವೆ.